ವಾಪಸ್ ಬಾರದ ಮುಂಗಡ

“ನಮ್ಮಮ್ಮನಿಗೆ ಟೋಪಿ ಹಾಕೋಕೆ ನಿಮಗೆ ನಾಚಿಕೆ ಆಗಲಿಲ್ವಾ?”

ಟ್ರಾವೆಲ್ಸ್ ಆಫೀಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಹಡಗು ಪ್ರವಾಸದ ಬುಕಿಂಗ್ ನೋಡಿಕೊಳ್ಳುವ ಯುವಕ ಕುರ್ಚಿಯಿಂದ ಅರ್ಧ ಎದ್ದವನು ಹಾಗೇ ನಿಂತುಬಿಟ್ಟ. ಎದುರಿಗಿದ್ದವಳ ಕಣ್ಣು ಕೆಂಪಾಗಿತ್ತು. ಕೋಪಕ್ಕೋ, ಅತ್ತಿದ್ದಕ್ಕೋ?

ಎರಡಕ್ಕೂ!

ಅವಳು ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ಅಮ್ಮ ಅವಳನ್ನು ‘ಸೂಜಿ’ ಎಂದೇ ಕರೆಯುತ್ತಿದ್ದಳು. ಕೆಲಸಕ್ಕೂ ಸರಿ, ಬಾಯಿಗೂ ಸರಿ. ಹಾಗೆ ಕರೆಯುತ್ತಿದ್ದ ಅಮ್ಮ ತೀರಿಕೊಂಡು ಇನ್ನೂ ತಿಂಗಳಾಗಿರಲಿಲ್ಲ.

“ಕೂತ್ಕೊಳ್ಳಿ ಮೇಡಂ... ಸ್ವಲ್ಪ ನೀರು ಕುಡೀರಿ.”

“ನಿಮ್ಮ ನೀರು ಯಾರಿಗೆ ಬೇಕು? ಅಮ್ಮನಿಗೂ ನನಗೂ ಬುಕ್ ಮಾಡಿದ್ದು ನಾನು. ದರ ಜಾಸ್ತಿಯಾದ್ರೂ ಪರವಾಗಿಲ್ಲ, ರದ್ದು ಮಾಡಿದ್ರೆ ಮುಂಗಡ ವಾಪಸ್ ಬರೋ ಟಿಕೆಟ್ಟೇ ಕೊಡಿ ಅಂತ ಬಿಡಿಸಿ ಹೇಳಿದ್ದೆ. ಈಗ ಕೇಳಿದ್ರೆ ಬರಲ್ಲ ಅಂತೀರಲ್ಲ!”

“ಆಮೇಲೆ ನಿಮ್ಮ ತಾಯಿ ಬಂದು ಬದಲಾಯಿಸಿದ್ರು. ಕಡಿಮೆ ದರದ್ದು, ಮುಂಗಡ ವಾಪಸ್ ಬಾರದ್ದು.”

“ಅಮ್ಮನಿಗೆ ಅದೆಲ್ಲ ಏನು ಗೊತ್ತು? ನೀವೇ ತಲೆ ಸವರಿರ್ತೀರಿ!”

ಅವನು ಕಂಪ್ಯೂಟರಿನ ಕಡೆ ತಿರುಗಿದ.

“ಉಳಿದ ದುಡ್ಡು ಕಟ್ಟೋಕೆ ಇನ್ನೂ ಟೈಮಿದೆ. ರದ್ದು ಮಾಡಬೇಡಿ ಮೇಡಂ... ಹೋಗಿ ಬನ್ನಿ.”

ಅಮ್ಮ ಸತ್ತಿದ್ದಾಳೆ, ಇವನು ಹೋಗಿ ಬನ್ನಿ ಅಂತಾನೆ! ಎಂಥ ಕಲ್ಲೆದೆಯವನು!

ಆಮೇಲೂ ವಾರವಾರ ಬಂದಳು. ಮಾಲೀಕರಿಗೆ ದೂರು ಕೊಟ್ಟಳು. ಅವನು ಎಲ್ಲರೆದುರು ಬೈಸಿಕೊಂಡು “ತಪ್ಪು ನನ್ನದೇ ಸರ್” ಎಂದ. ಪಾಪ, ಅವನ ಗ್ರಹಚಾರ!

ನಿಜ ಹೇಳಬೇಕೆಂದರೆ ಅವಳಿಗೆ ಬೇಕಿದ್ದದ್ದು ದುಡ್ಡಲ್ಲ. ಮನೆಯಲ್ಲಿ ಜಗಳವಾಡಲು ಈಗ ಯಾರೂ ಇರಲಿಲ್ಲ.

ಕೊನೆಗೆ ಅದೂ ಸಾಕಾಯಿತು. ಆಫೀಸಿಗೆ ಹೋಗುವುದನ್ನು ಬಿಟ್ಟಳು, ಅವನ ಫೋನ್ ಎತ್ತಲಿಲ್ಲ. ಉಳಿದ ದುಡ್ಡು ಕಟ್ಟದಿದ್ದರೆ ಬುಕಿಂಗ್ ತಾನಾಗಿಯೇ ರದ್ದಾಗುತ್ತದೆ. ಆಗಲಿ, ಹಾಳಾಗಿ ಹೋಗಲಿ!

ಗಡುವಿಗೆ ಒಂದು ದಿನ ಬಾಕಿಯಿದ್ದಾಗ, ಲ್ಯಾಬಿನಲ್ಲಿ “ಮುಂದಿನವರು ಬನ್ನಿ” ಎಂದಳು. ಬಂದು ಕುಳಿತವನನ್ನು ನೋಡಿ ಅವಳ ಮೈಯೆಲ್ಲ ಉರಿಯಿತು.

“ನೀವಾ?”

“ಶುಗರ್ ಟೆಸ್ಟು. ದುಡ್ಡು ಕಟ್ಟೇ ಬಂದಿದ್ದೀನಿ. ಫೋನ್ ಎತ್ತಲ್ಲ ನೀವು... ಇನ್ನೇನ್ ಮಾಡ್ಲಿ?”

ಅವಳು ಅವನ ತೋಳಿಗೆ ರಬ್ಬರ್ ಪಟ್ಟಿಯನ್ನು ಬಿಗಿಯಾಗಿಯೇ ಕಟ್ಟಿದಳು. “ಮುಷ್ಟಿ ಹಿಡೀರಿ.”

“ನಿಮ್ಮ ತಾಯಿಗೆ ಕಾಯಿಲೆ ಮೊದಲೇ ಗೊತ್ತಿತ್ತು ಮೇಡಂ.”

ಸಿರಿಂಜ್ ಹಿಡಿದ ಕೈ ಅಲ್ಲೇ ನಿಂತಿತು.

“ಬೇರೆ ಲ್ಯಾಬಲ್ಲಿ ಪರೀಕ್ಷೆ ಮಾಡಿಸಿದ್ರಂತೆ, ನಿಮಗೆ ಗೊತ್ತಾಗಬಾರದು ಅಂತ. ಟಿಕೆಟ್ ಬದಲಾಯಿಸೋಕೆ ಬಂದಾಗ ಹೇಳಿದ್ರು... ‘ಇದ್ರೆ ನಾನೂ ಹೋಗ್ತೀನಪ್ಪ, ಇಲ್ದಿದ್ರೆ ಅವಳಾದ್ರೂ ಹೋಗಲಿ. ಡ್ಯೂಟಿ ಅಂತ, ಅಮ್ಮ ಒಬ್ಬಳೇ ಅಂತ, ಎಲ್ಲಾನೂ ರದ್ದು ಮಾಡ್ಕೊಂಡೇ ಬಂದಿದ್ದಾಳೆ. ದುಡ್ಡು ವಾಪಸ್ ಬರುತ್ತೆ ಅಂದ್ರೆ ಇದನ್ನೂ ರದ್ದು ಮಾಡಿ ಮೂಲೇಲಿ ಕೂತು ಅಳ್ತಾಳೆ. ಬರಲ್ಲ ಅಂದುಬಿಡು. ಮಹಾ ಜಿಪುಣಿ ಅವಳು, ಬೈಕೊಂಡಾದ್ರೂ ಹೋಗ್ತಾಳೆ!’”

ಅವಳಿಗೆ ಮೊದಲು ನಗು ಬಂತು. ಥೇಟ್ ಅಮ್ಮನ ಮಾತೇ! ಆ ನಗು ಹಾಗೇ ಅಳುವಾಯಿತು.

ದಿನಾ ಊರವರ ರಕ್ತ ತೆಗೆಯುವವಳು ಅವಳು. ಅಮ್ಮನ ಬಟ್ಟೆ ಸಡಿಲವಾಗಿದ್ದನ್ನು ನೋಡಿಯೂ “ಏನಮ್ಮಾ, ಡಯಟ್ಟಾ?” ಎಂದು ತಮಾಷೆ ಮಾಡಿದ್ದಳು. ಅಮ್ಮನೂ ನಕ್ಕಿದ್ದಳು.

“ನನಗ್ಯಾಕೆ ಹೇಳಲಿಲ್ಲ?”

“ಹೇಳಬಾರದು ಅಂತ ಆಣೆ ಹಾಕಿಸ್ಕೊಂಡಿದ್ರು.”

“ಅಮ್ಮ ಹೋದ ಮೇಲೂನಾ?”

ಅವನು ಪಟ್ಟಿ ಕಟ್ಟಿದ ತೋಳನ್ನು ನೋಡಿಕೊಂಡ. “ಮೇಡಂ... ಕೈ ಜೋಮು ಹಿಡೀತಿದೆ.”

ಅವಳು ಪಟ್ಟಿ ಬಿಚ್ಚಿದಳು.

“ನಾನು ಮೊದಲನೇ ದಿನವೇ ಹೇಳಬಹುದಿತ್ತು. ಹೇಳಿದ್ರೆ ನೀವು ಮತ್ತೆ ಬರಲ್ವೇನೋ ಅಂತ... ನಿಮ್ಮ ಬೈಗುಳಕ್ಕೆ ವಾರವೆಲ್ಲ ಕಾಯ್ತಿದ್ದೆ. ನಿಮ್ಮನ್ನ ಕಂಡ್ರೆ ನನಗೆ ಅಷ್ಟು ಇಷ್ಟ. ಆದ್ರೆ ಮಾಡಿದ್ದು ತಪ್ಪು.”

“ಅಮ್ಮನಿಗೆ ಮೋಸ ಆಯ್ತು ಅಂತ ನಾನು ಒದ್ದಾಡ್ತಿದ್ದೆ. ನಿಮಗೆ ನಿಮ್ಮ ಇಷ್ಟ ದೊಡ್ಡದಾಯ್ತಾ? ಎದ್ದು ಹೋಗಿ!”

ಅವನು ಎದ್ದು ಹೋದ.

ಮರುದಿನ ಸಂಜೆ ಆಫೀಸಿನ ಶಟರ್ ಅರ್ಧ ಇಳಿಸುವಾಗ ಅವಳು ಬಗ್ಗಿ ಒಳಗೆ ಬಂದಳು. ಮಾತಾಡದೆ ಉಳಿದ ದುಡ್ಡು ಕಟ್ಟಿದಳು.

“ಎರಡನೇ ಹೆಸರು ತೆಗೀಬೇಕು...” ಎಂದ. ಬೆರಳು ಕೀಬೋರ್ಡಿನ ಮೇಲೆಯೇ ನಿಂತಿತ್ತು.

“ನಾನೇ ತೆಗೀತೀನಿ.”

ಅಮ್ಮನ ಹೆಸರು ಒಂದೊಂದೇ ಅಕ್ಷರವಾಗಿ ಅಳಿಸಿಹೋಯಿತು. ಕೊನೆಯ ಅಕ್ಷರಕ್ಕೆ ಬಂದಾಗ ಅವಳಿಗೆ ಪರದೆಯೇ ಕಾಣಲಿಲ್ಲ.

“ಆ ಜಾಗಕ್ಕೆ ನಾನು ಬರಲಾ ಅಂತ ಯಾವತ್ತೂ ಕೇಳಲ್ಲ,” ಎಂದ ಅವನು ಮೆಲ್ಲಗೆ.

“ಕೇಳಿದ್ರೆ ಚುಚ್ಚಿಬಿಡ್ತಿದ್ದೆ.” ಅವಳು ಕಣ್ಣೊರೆಸಿಕೊಂಡಳು. “ನಿಮ್ಮ ಮೇಲಿನ ಕೋಪ ಇನ್ನೂ ಹೋಗಿಲ್ಲ.”

“ಗೊತ್ತು.”

“ಆದ್ರೆ... ಹಡಗು ವಾಪಸ್ ಬರೋ ದಿನ ಬಂದರಲ್ಲಿ ನನಗೆ ಅಂತ ಕಾಯೋರು ಯಾರೂ ಇಲ್ಲ.”

“ನಾನಿರ್ತೀನಿ.”

“ಸಮುದ್ರದ ಮಧ್ಯೆ ಅಳು ಬಂದ್ರೆ?”

“ಅತ್ತುಬಿಡಿ. ಅಲ್ಲಿ ಮುಗೀದಿದ್ರೆ ಉಳಿದದ್ದನ್ನ ಬಂದು ಇಲ್ಲಿ ಅತ್ತು ಮುಗಿಸಿ. ನಾನು ಪಕ್ಕದಲ್ಲಿ ಕೂತಿರ್ತೀನಿ.”

“ಹೂಂ,” ಎಂದಳು ಅವಳು.