ಮುಚ್ಚಿದ ಬೋರಿನ ಮೀಟರ್

ಮೇ 12, ಸೋಮವಾರ ಬೆಳಿಗ್ಗೆ 10.20ಕ್ಕೆ ಕೊಂಡಾಪುರದ ಆಚೆಯ ಠಾಣೆಗೆ ದೂರು ಬಂತು. ತಂದವರು ಎರಡು ಕಿಲೋಮೀಟರ್ ದೂರದ ಡೇಟಾ ಸೆಂಟರಿನ ಮ್ಯಾನೇಜರ್ ಚೇತನಕುಮಾರ. ಎಐ ಕೆಲಸಕ್ಕೆ ಬೇಕಾದ ಸಾವಿರಾರು ಕಂಪ್ಯೂಟರುಗಳು ಅಲ್ಲಿ ಹಗಲಿರುಳು ಓಡುತ್ತವೆ, ಬಿಸಿಯಾಗುತ್ತವೆ. ಅವನ್ನು ತಣ್ಣಗಿಡಲು ನೀರು ಬೇಕು. ಪಂಪ್ ಹೌಸಿನಿಂದ ನೀರಿನ ಮೀಟರೊಂದು ಕಳುವಾಗಿದೆ ಎಂದು ದೂರಿನಲ್ಲಿತ್ತು.

ಇನ್‌ಸ್ಪೆಕ್ಟರ್ ಪ್ರಾಣೇಶ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೇಬಲ್ ಹಂಪಯ್ಯ ಮತ್ತು ಕಾನ್‌ಸ್ಟೇಬಲ್ ಉಷಾ ಅವರನ್ನು ಕರೆದುಕೊಂಡು 11.30ಕ್ಕೆ ಸ್ಥಳ ತಲುಪಿದರು.

ಪಂಪ್ ಹೌಸಿನ ನೆಲ ಒಣಗಿತ್ತು. ಕದ್ದವರು ಎರಡೂ ಕಡೆಯ ವಾಲ್ವ್ ಮುಚ್ಚಿ, ಒಂದು ಹನಿಯೂ ಚೆಲ್ಲದಂತೆ ಮೀಟರ್ ಬಿಚ್ಚಿದ್ದರು. ಎಂಟು ಬೋಲ್ಟುಗಳು ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಕೂತಿದ್ದವು. ಪಕ್ಕದ ತಾಮ್ರದ ತಂತಿಯ ಸುರುಳಿಯನ್ನು ಯಾರೂ ಮುಟ್ಟಿರಲಿಲ್ಲ.

“ಗುಜರಿಗೆ ಮಾರೋ ಕಳ್ಳ ಇದನ್ನ ಬಿಡ್ತಿರಲಿಲ್ರಿ ಸಾಹೇಬ್ರ,” ಎಂದ ಹಂಪಯ್ಯ.

ಪ್ರಾಣೇಶ ಮ್ಯಾನೇಜರ್ ಕಡೆ ತಿರುಗಿದರು. “ಇದು ಯಾವ ನೀರಿನ ಮೀಟರ್?”

“ಬೋರಿಂದ್ರಿ. ಆದ್ರ ಬೋರ್ ಬಂದ್ ಐತಿ. ನಾವು ಶುದ್ಧ ಮಾಡಿದ ಚರಂಡಿ ನೀರಷ್ಟೇ ಬಳಸ್ತೀವಿ. ಪರವಾನಗಿ ಇರೋದೂ ಅದಕ್ಕ.”

ಪ್ರಾಣೇಶ ಮೂಲೆಯಲ್ಲಿದ್ದ ರಟ್ಟಿನ ಡಬ್ಬಿಯತ್ತ ಕೈ ತೋರಿಸಿದರು. “ಆ ಡಬ್ಬಿಯೊಳಗ ಏನೈತಿ?”

“ಹೊಸ ಮೀಟರ್. ಗುರುವಾರ ಅಂತರ್ಜಲ ಇಲಾಖೆಯವರು ತಪಾಸಣೆಗೆ ಬರ್ತಾರ.”

“ಬಂದ್ ಇರೋ ಬೋರಿಗೆ ಹೊಸ ಮೀಟರ್ ಯಾಕ್ರಿ?”

ಚೇತನಕುಮಾರ ಕರವಸ್ತ್ರದಿಂದ ಕತ್ತು ಒರೆಸಿಕೊಂಡರು. ಕಳವಿನ ವರದಿಯನ್ನು ಸೆಕ್ಯೂರಿಟಿಯವರು ಆಗಲೇ ಮುಖ್ಯ ಕಚೇರಿಗೆ ಕಳಿಸಿಬಿಟ್ಟಿದ್ದರು. ದೂರು ಕೊಡದೆ ಮ್ಯಾನೇಜರಿಗೆ ಗತಿಯಿರಲಿಲ್ಲ.

ನೀರಿನ ಲೆಕ್ಕದ ರಿಜಿಸ್ಟರನ್ನು ಉಷಾ ತಂದಳು. ಬೋರಿನ ಕಾಲಮ್ಮಿನಲ್ಲಿ ಹನ್ನೊಂದು ತಿಂಗಳಿಂದ ದಿನಾ ಸೊನ್ನೆ, ಎಲ್ಲ ಒಂದೇ ಕೈಬರಹ. ಕೊನೆಯ ವಾರದ ಸೊನ್ನೆಗಳನ್ನು ಕಾಗದ ಹರಿಯುವಷ್ಟು ಒತ್ತಿ ಬರೆಯಲಾಗಿತ್ತು. ಬರೆದವಳು ಪಂಪ್ ಆಪರೇಟರ್ ಶಿವದೇವಿ, ವಯಸ್ಸು 46, ಭಾಲ್ಕಿ ಕಡೆಯವಳು. ಅಂದು ರಜೆಯಲ್ಲಿದ್ದಳು. ಶನಿವಾರ ಸಂಜೆ 6.10ಕ್ಕೆ ಅವಳು ಸ್ಕೂಟರಿನಲ್ಲಿ ತನ್ನ ಕಾಲ ಬಳಿ ಭಾರದ ಗೋಣಿಚೀಲ ಇಟ್ಟುಕೊಂಡು ಗೇಟು ದಾಟಿದ್ದು ಕ್ಯಾಮೆರಾದಲ್ಲಿ ಸಿಕ್ಕಿತು.

ಸಂಜೆ 4.30ಕ್ಕೆ ಪೊಲೀಸರು ಶಿವದೇವಿಯ ಮನೆ ಹುಡುಕಿಕೊಂಡು ಹೋದರು. ಡೇಟಾ ಸೆಂಟರಿನ ಹಿಂದಿನ ಗೋಡೆಗೆ ಅಂಟಿದ ಕಾಲೊನಿ. ವರಾಂಡದ ಮಂಚದಲ್ಲಿ ಮುದುಕಿಯೊಬ್ಬಳನ್ನು ಮಲಗಿಸಿ, ತಲೆಯನ್ನು ಅಂಚಿನಾಚೆ ಹಿಡಿದು, ಶಿವದೇವಿ ಅವಳ ಕೂದಲಿಗೆ ಸೀಗೆಕಾಯಿ ತಿಕ್ಕುತ್ತಿದ್ದಳು. ಪಕ್ಕದಲ್ಲಿ ಅರ್ಧ ಬಕೀಟು ನೀರು.

“ನೀವು ಬರ್ತೀರಿ ಅಂತ ಗೊತ್ತಿತ್ರಿ,” ಎಂದಳು. “ಮಂಚದ ಕೆಳಗ ಐತಿ. ಪಾರ್ವತಿಬಾಯಿ ಕಣ್ಣಿಗೆ ಸೀಗೆಕಾಯಿ ಹೋಗ್ತದ, ತಲಿ ತೊಳದು ಮುಗಿಸ್ಲೇನ್ರಿ?”

ಹೆಣ್ಣುಮಗಳನ್ನು ಬಂಧಿಸುವುದಾದರೆ ಸೂರ್ಯ ಮುಳುಗುವ ಮುಂಚೆ ಆಗಬೇಕು. ಪ್ರಾಣೇಶ ಗಡಿಯಾರ ನೋಡಿದರು, ಆಮೇಲೆ ಸ್ಟೂಲ್ ಎಳೆದುಕೊಂಡು ಕೂತರು. ಉಷಾ ಯಾರೂ ಹೇಳದೆಯೇ ಹೋಗಿ ಮುದುಕಿಯ ಕತ್ತಿಗೆ ಕೈ ಆಸರೆ ಕೊಟ್ಟಳು.

“ಇವರು ನಿಮ್ಮ ಅತ್ತಿಯೇನು?” ಪ್ರಾಣೇಶ ಕೇಳಿದರು.

“ಅಲ್ರಿ, ಬಾಜೂ ಮನಿಯವರು. ನನ್ನ ಮಕ್ಕಳು ಇವರ ಕೈಯಾಗ ಬೆಳದಾವ. ಫೆಬ್ರುವರಿಯಾಗ ಕಾಲೊನಿ ಬೋರ್ ಒಣಗಿತು. ಟ್ಯಾಂಕರ್ ನೀರು ಹೊತ್ಕೊಂಡು ಮೆಟ್ಟಲಾ ಏರಾಕತ್ತಿದ್ರು, ಜಾರಿ ಬಿದ್ರು. ಸೊಂಟ ಮುರೀತು.” ಅವಳು ನಿಧಾನವಾಗಿ ನೀರು ಹೊಯ್ದಳು. “ಆವತ್ತೂ ನಾನು ಸೊನ್ನೆ ಬರದೀನ್ರಿ. ಒಳಗ ಬೋರ್ ಓಡಾಕತ್ತಿತ್ತು.”

“ಬರೀ ಅಂದವರು ಯಾರು?”

“ಚೇತನಕುಮಾರ ಸಾಹೇಬ್ರು. ನೌಕರಿ ಹೋಗ್ತದ ಅಂತ ಬರದೆ.”

“ಅಧಿಕಾರಿಗಳಿಗೆ ತಿಳಿಸಬಹುದಿತ್ತಲ್ಲ?”

“ಎರಡು ಸಲ ಅರ್ಜಿ ಕೊಟ್ಟೆ. ಮೀಟರಿನ ಫೋಟೋ ತೋರಿಸಿದೆ. ಇಂಥಾ ಫೋಟೋ ಈಗ ಎಐನೇ ಮಾಡಿ ಕೊಡ್ತದ, ಹೋಗಮ್ಮಾ ಅಂದ್ರು. ಈ ವಾರ ಮೀಟರ್ ಬದಲಾಯಿಸ್ತಾರ ಅಂತ ಗೊತ್ತಾತು. ಹೊಸಾದು ಸೊನ್ನೆ ತೋರಸ್ತದ, ಹಳೇದು ಹೋದ್ರ ನನ್ನ ಸೊನ್ನಿನೇ ಖರೇ ಆಗ್ತಿತ್ತು.”

ಪಾರ್ವತಿಬಾಯಿ ಕಣ್ಣು ಬಿಟ್ಟಳು. “ನಂಗ ಒಂದು ಮಾತು ಹೇಳಬಾರದಾಗಿತ್ತೇನ ಹುಚ್ಚಿ? ಕದ್ದಿದ್ದು ನಾನೇ ಅಂತಿದ್ದೆ.”

ಶಿವದೇವಿ ನಕ್ಕಳು, ನಗುತ್ತಲೇ ಸೆರಗಿನಿಂದ ಮುಖ ಮುಚ್ಚಿಕೊಂಡಳು.

5.15ಕ್ಕೆ ನೆರೆಯವರಿಬ್ಬರ ಸಮ್ಮುಖದಲ್ಲಿ ಪಂಚನಾಮೆ ಶುರುವಾಯಿತು. ಹಳೆಯ ಸೀರೆಯಲ್ಲಿ ಸುತ್ತಿದ್ದ ಮೀಟರನ್ನು ಹಂಪಯ್ಯ ಹೊರಗೆಳೆದ. ಉಷಾ ಮೊಬೈಲಿನಲ್ಲಿ ವೀಡಿಯೊ ಹಿಡಿದಳು.

“ಬರೇ ಮೀಟರ್ ಅಂತ ಬರೀಬ್ಯಾಡ್ರಿ,” ಎಂದಳು ಶಿವದೇವಿ. “ಅಂಕಿನೂ ಬರೀರಿ.”

ಅವಳು ಮೀಟರನ್ನು ಬೇರೆಡೆ ಸಾಗಿಸದೆ ಪೊಲೀಸರಿಗಾಗಿ ಯಾಕೆ ಕಾದಿದ್ದಳು ಎಂಬುದು ಪ್ರಾಣೇಶರಿಗೆ ಆಗ ತಿಳಿಯಿತು. ಪೊಲೀಸರು ಬರೆದ ಅಂಕಿಯನ್ನು ಯಾರೂ ಸುಮ್ಮನೆ ತಳ್ಳಿಹಾಕಲಾರರು.

“ಗಟ್ಟಿಯಾಗಿ ಓದು, ಹಂಪಯ್ಯ.”

“ಅರವತ್ತೊಂದು ಸಾವಿರದ ನಾನೂರ ಎಂಬತ್ತೆರಡು ಘನ ಮೀಟರ್.” ಅವನು ಬೆರಳು ಮಡಿಚಿ ಎಣಿಸಿದ. “ಆರು ಕೋಟಿ ಲೀಟರಿಗಿಂತ ಹೆಚ್ಚಾತಲ್ರಿ!”

“ಇನ್ನೊಮ್ಮೆ ಓದ್ರಿ,” ಎಂದಳು ಶಿವದೇವಿ. ಹಂಪಯ್ಯ ಮತ್ತೆ ಓದಿದ.

5.50ಕ್ಕೆ ಬಂಧನದ ಕಾಗದಕ್ಕೆ ಅವಳು ಸಹಿ ಮಾಡಿದಳು. ಪಾರ್ವತಿಬಾಯಿಯ ತಲೆ ಒರೆಸಿ, ಜಡೆ ಹಾಕಿ, ಔಷಧಿ ಯಾವಾಗ ಕೊಡಬೇಕೆಂದು ನೆರೆಯವರಿಗೆ ಹೇಳಿ ಜೀಪು ಹತ್ತಿದಳು.

ಪಂಚನಾಮೆಯ ಪ್ರತಿಯನ್ನು ಪ್ರಾಣೇಶ ಮರುದಿನ ತಾವೇ ಅಂತರ್ಜಲ ಇಲಾಖೆಗೆ ಮುಟ್ಟಿಸಿದರು. ಗುರುವಾರದ ತಪಾಸಣೆಯಲ್ಲಿ ಬೋರಿಗೆ ಸೀಲು ಬಿತ್ತು. ಚೇತನಕುಮಾರರ ಮೇಲೆ ಬೇರೆ ಪ್ರಕರಣ ದಾಖಲಾಯಿತು. ಶಿವದೇವಿಯ ಜಾಮೀನಿಗೆ ಪೊಲೀಸರು ಆಕ್ಷೇಪಿಸಲಿಲ್ಲ.

ನ್ಯಾಯಾಲಯಕ್ಕೆ ಕಳಿಸುವ ವರದಿಯಲ್ಲಿ ಕೃತ್ಯದ ಉದ್ದೇಶ ಬರೆಯಲು ಒಂದು ಸಾಲು ಇರುತ್ತದೆ. ಕಳವಿನ ಪ್ರಕರಣಗಳಲ್ಲಿ ಹಂಪಯ್ಯ ಯಾವಾಗಲೂ ಬರೆಯುವಂತೆ ‘ಸ್ವಂತ ಲಾಭಕ್ಕಾಗಿ’ ಎಂದು ಬರೆದಿದ್ದ. ಪ್ರಾಣೇಶ ಅದನ್ನು ಹೊಡೆದುಹಾಕಿ, ತಮ್ಮ ಕೈಯಿಂದಲೇ ಬರೆದರು: ‘ತಾನು ಬರೆದ ಸುಳ್ಳನ್ನು ತಾನೇ ತಿದ್ದುವುದಕ್ಕಾಗಿ.’