ಊಹಿಸಿಕೊಂಡ ದೂರ

ರಂಜನಾ ಅವನೊಡನೆ ಮಾತು ಬಿಟ್ಟಿದ್ದಳು. ಎದುರಿನ ಮೇಜಿನಿಂದ ಶರಣು ಆಗಾಗ ಕಣ್ಣೆತ್ತಿ ನೋಡುವುದು ಅವಳಿಗೆ ತಿಳಿಯುತ್ತಿತ್ತು. ತಿಳಿದಷ್ಟೂ ಅವಳ ಬೆನ್ನು ಇನ್ನಷ್ಟು ನೆಟ್ಟಗಾಗುತ್ತಿತ್ತು.

ಇಬ್ಬರೂ ಮುಂಬಯಿಯ ಒಂದೇ ಸಂಶೋಧನಾಲಯದಲ್ಲಿ ಗಾಮಾ ಕಿರಣಗಳ ಸ್ಫೋಟಗಳನ್ನು ಅಭ್ಯಾಸ ಮಾಡುವವರು. ಬಹುದೂರದಲ್ಲಿ ಬೃಹತ್ ನಕ್ಷತ್ರವೊಂದು ಸಾಯುವಾಗ ಕ್ಷಣಕಾಲ ಹೊಮ್ಮುವ ಮಿಂಚು ಅದು. ಅದರ ನಿಜವಾದ ಕಾಂತಿ ತಿಳಿದರೆ, ನಮಗೆ ಕಾಣುವ ಮಂಕಿನಿಂದ ದೂರವನ್ನು ಅಳೆಯಬಹುದು. ಆ ದೂರಗಳಿಂದ, ವಿಶ್ವವನ್ನು ಇನ್ನಷ್ಟು ವೇಗವಾಗಿ ಹಿಗ್ಗಿಸುತ್ತಿರುವ ಡಾರ್ಕ್ ಎನರ್ಜಿ ಎಂದಿನಿಂದಲೂ ಒಂದೇ ಸಮನಾಗಿತ್ತೇ ಎಂದು ಕೇಳಬಹುದು. ಹೌದು ಎನ್ನುತ್ತಿತ್ತು ರಂಜನಾಳ ಪ್ರಬಂಧ. ಅದನ್ನು ಮೆಚ್ಚಿಯೇ ಪುಣೆಯ ಸಮ್ಮೇಳನದವರು ಅವಳನ್ನು ಕರೆದಿದ್ದರು.

ಅದನ್ನು ಅಲ್ಲಿ ಮಂಡಿಸಬೇಡಿ ಎಂದವನು ಶರಣು. ಸ್ಫೋಟಗಳ ಕಾಂತಿಯನ್ನು ನಿಗದಿ ಮಾಡಲು ಅವಳು ಬಳಸಿದ ದೂರಗಳು, ಡಾರ್ಕ್ ಎನರ್ಜಿ ಬದಲಾಗಿಲ್ಲವೆಂಬ ಊಹೆಯಿಂದಲೇ ಬಂದವು. ಲೆಕ್ಕಕ್ಕೆ ಹಾಕಿದ ಊಹೆಯೇ ಉತ್ತರವಾಗಿ ಹಿಂದಿರುಗಿದೆ ಎಂದು ಮೆಲ್ಲಗೆ ಹೇಳಿದ್ದ. ಹೊಟ್ಟೆಕಿಚ್ಚು ಎಂದು ಅವಳು ತೀರ್ಮಾನಿಸಿದಳು. ಕೇಳದೆಯೇ ತಂದಿಡುತ್ತಿದ್ದ ಚಹಾ, ಮುಂಬಯಿಯಲ್ಲೇ ಬೆಳೆದ ಅವಳ ತೊದಲು ಕನ್ನಡಕ್ಕೆ ಅವನು ನಗದೆ ಕಾಯುತ್ತಿದ್ದ ರೀತಿ, ಎಲ್ಲವೂ ಒಮ್ಮೆಗೇ ನಟನೆಯಾಗಿ ತೋರಿದವು.

ಆದರೂ ಲೆಕ್ಕವನ್ನು ಮತ್ತೆ ಹಿಡಿದಳು. ಸೂಪರ್‌ನೋವಾ ಎಂಬ ಇನ್ನೊಂದು ಬಗೆಯ ನಕ್ಷತ್ರಸ್ಫೋಟಗಳಿಂದ ಬೇರೆಯಾಗಿಯೇ ತಿಳಿದಿದ್ದ ದೂರಗಳಿಗೆ ಹತ್ತಿರದ ಗಾಮಾ ಸ್ಫೋಟಗಳನ್ನು ಮೊದಲು ಹೊಂದಿಸಿ, ಆಮೇಲೆ ದೂರದವುಗಳ ಲೆಕ್ಕಕ್ಕೆ ಹೊರಟಳು. ಖಚಿತವಾಗಿದ್ದ ಉತ್ತರ ಚೆದುರಿಹೋಯಿತು. ಡಾರ್ಕ್ ಎನರ್ಜಿ ಬದಲಾಗಿರಬಹುದು, ಆಗದೆಯೂ ಇರಬಹುದು.

ಅಂದು ಸಂಜೆ ದಾದರ್ ಪ್ಲಾಟ್‌ಫಾರ್ಮಿನಲ್ಲಿ ಅವಳೇ ಅವನನ್ನು ತಡೆದು, ಪುಣೆಯಲ್ಲಿ ಉತ್ತರ ಇನ್ನೂ ತಿಳಿದಿಲ್ಲವೆಂದೇ ಹೇಳುವುದಾಗಿ ತಿಳಿಸಿದಳು. ಅವನ ಮುಖದಲ್ಲಿ ಗೆದ್ದ ಕಳೆಯಿರಲಿಲ್ಲ.

“ನಿಮಗೆ ಮೊದಲೇ ಗೊತ್ತಿತ್ತಲ್ಲ. ಹೇಳೋಕೆ ಇಷ್ಟು ಲೇಟ್ ಯಾಕೆ ಮಾಡಿದ್ರಿ?” ಎಂದು ಅವಳು ಕೇಳಿದಳು.

“ಹೇಳಿದ್ರ ನೀವು ದೂರ ಆಗ್ತೀರಿ ಅಂತ ಅಂಜಿಕಿ ಇತ್ರೀ.” ಅವನು ಹಳಿಗಳತ್ತ ನೋಡಿದ. “ಹೇಳಲಿಲ್ಲಂದ್ರ, ನಿಮ್ಮ ಬಾಜೂಕ ಕೂಡ್ಲಿಕ್ಕೆ ನನಗ ಮುಖ ಇರ್ತಿರಲಿಲ್ಲ.”



“ನಿಮ್ಮನ್ನೂ ನಾನು ಹಾಗೇ ಲೆಕ್ಕ ಹಾಕಿದೆ,” ಎಂದಳು. “ಜಲಸ್ ಅಂತ ಪೆಹಲೇ ಡಿಸೈಡ್ ಮಾಡಿ, ಆಮೇಲೆ ನಿಮ್ಮ ಮುಖ ನೋಡಿದೆ. ಈಗ ನಾನು ಏನೂ ಅಂದ್ಕೊಳ್ಳಲ್ಲ. ನೀವೇ ಹೇಳಿ.”

“ಪ್ರೀತಿ ಅದರೀ,” ಎಂದ ಶರಣು, ಯಾರೋ ವಿಳಾಸ ಕೇಳಿದರೆ ಹೇಳುವಷ್ಟು ಸರಳವಾಗಿ. ಆಮೇಲೆ ಕಿವಿಯವರೆಗೂ ಕೆಂಪಾದ.

“ತಪ್ಪಿರೋ ಚಾನ್ಸ್ ಎಷ್ಟು?”

“ಇದರಾಗ ಇಲ್ರೀ.”

ಅವಳ ತುಟಿಯಂಚು ಸೋತಿತು. ನಗುವನ್ನು ಮರೆಮಾಡಲು ಅವಳು ತಿರುಗಿದಾಗ ಲೋಕಲ್ ರೈಲು ಬಂದು ನಿಂತಿತು. ಮಹಿಳೆಯರ ಡಬ್ಬಿ ಸರಿಯಾಗಿ ಅವಳೆದುರಿಗೇ ಇತ್ತು. ರಂಜನಾ ಅದನ್ನು ದಾಟಿ ನಡೆದಳು. ಜನರಲ್ ಡಬ್ಬಿಯಲ್ಲಿ ಗರ್ದಿ ಭಾಳ, ನಿಲ್ಲಲೂ ಜಾಗವಿರುವುದಿಲ್ಲ ಎಂದು ಅವನು ಹಿಂದಿನಿಂದ ಎಚ್ಚರಿಸುತ್ತಲೇ ಇದ್ದ. ಅವಳು ಅವನಿಗಿಂತ ಮೊದಲೇ ಹತ್ತಿ, ಬಾಗಿಲಿನ ಕಂಬ ಹಿಡಿದು, ಇನ್ನೊಂದು ಕೈಯನ್ನು ಕೆಳಗೆ ಅವನತ್ತ ಚಾಚಿದಳು.