ಹಳದಿ ದೀಪ, ನಾಲ್ಕು ಗಂಟೆಯ ಬಸ್ಸು

“ಅಪ್ಪಾ, ಅಲ್ಲೇನೋ ಮಿಣಮಿಣ ಅಂತಿದೆ!”

“ಎಲ್ಲಿ?”

“ಸ್ಟೀರಿಂಗ್ ಹಿಂದೆ. ಹಳದಿ ಲೈಟು. ಪುಟ್ಟ ಎಂಜಿನ್ ಥರ ಚಿತ್ರ ಇದೆ ನೋಡು.”

ಅಪ್ಪ ನೋಡುವಷ್ಟರಲ್ಲಿ ಕಾರು ಬಿಕ್ಕಳಿಸಿತು. ಒಂದು ಸಲವಲ್ಲ, ಮೂರು ಸಲ. ಆಮೇಲೆ ಮೈಯೆಲ್ಲ ಗಡಗಡ ನಡುಗತೊಡಗಿತು. ಅಪ್ಪ ಆಕ್ಸಿಲರೇಟರ್ ಒತ್ತಿದ. ಕಾರು ಮುಂದೆ ಹೋಗುವ ಬದಲು ಇನ್ನಷ್ಟು ನಡುಗಿತು. ಹಿಂದಿನ ಲಾರಿಯವನು ಪೊಂಯ್ ಎಂದು ಹಾರನ್ ಹೊಡೆದು, ಕೈ ಆಡಿಸಿ ಏನೋ ಬೈದು ಮುಂದೆ ಹೋದ.

“ಅಯ್ಯೋ ದೇವರೇ,” ಅಂದ ಅಪ್ಪ. ಅಪ್ಪನದು ಕನ್ನಡಕದ ಅಂಗಡಿ. ಯಾರ ಕಣ್ಣಿಗೆ ಎಷ್ಟು ಪವರ್ ಬೇಕು ಅಂತ ಥಟ್ಟನೆ ಹೇಳುತ್ತಾನೆ. ಆದರೆ ಕಾರಿನ ವಿಷಯ ಬಂದರೆ ಅಪ್ಪನಿಗೆ ಗೊತ್ತಿರುವುದು ಎರಡೇ: ಕೀ ತಿರುಗಿಸುವುದು, ಕೀ ತೆಗೆಯುವುದು. ಮನೆಯಲ್ಲಿ ಕಾರಿನ ವಿಷಯ ಪೂರ್ತಿ ಗೊತ್ತಿರುವುದು ಅಮ್ಮನಿಗೆ.

ಆ ಅಮ್ಮನನ್ನು ನೋಡಲೆಂದೇ ಇಬ್ಬರೂ ಹೊರಟಿದ್ದರು. ಅಮ್ಮ ಬಸ್ ಡ್ರೈವರ್. ಹೊಸ ರೂಟು ಸಿಕ್ಕಮೇಲೆ ಅವಳು ಎರಡು ದೂರದ ಊರುಗಳ ನಡುವೆ ಓಡಾಡುತ್ತಾಳೆ. ಮನೆಗೆ ಬರುವುದು ತಿಂಗಳಿಗೆ ಎರಡು ದಿನ. ನಡುವೆ ಒಂದು ಶನಿವಾರ ಅವಳ ಬಸ್ಸು ದಾರಿಯ ದೊಡ್ಡ ಬಸ್ ಸ್ಟ್ಯಾಂಡಿಗೆ ಮೂರೂವರೆಗೆ ಬಂದು ಅರ್ಧ ಗಂಟೆ ನಿಲ್ಲುತ್ತದೆ. ಆ ಅರ್ಧ ಗಂಟೆ ಅಮ್ಮ ಬಸ್ಸಿನಿಂದ ಇಳಿದು ಇವರ ಕಾರಿಗೆ ಬರುತ್ತಾಳೆ. ಬಾಗಿಲು ಹಾಕಿಕೊಂಡು ಮೂವರೂ ಕೂರುತ್ತಾರೆ. ಅದೇ ಅವರ ಮನೆ, ಮೂವತ್ತು ನಿಮಿಷದ ಮನೆ.

ನಾಲ್ಕಕ್ಕೆ ಸರಿಯಾಗಿ ಬಸ್ಸು ಹೊರಡುತ್ತದೆ. ಇವತ್ತು ತಪ್ಪಿದರೆ ಅಮ್ಮನನ್ನು ನೋಡಲು ಇನ್ನು ಹದಿನಾಲ್ಕು ದಿನ ಕಾಯಬೇಕು.

ಪೀಪಿ ಗಡಿಯಾರ ನೋಡಿದಳು. ಎರಡೂ ಇಪ್ಪತ್ತು. ಪೀಪಿ ಅವಳ ಶಾಲೆಯ ಹೆಸರಲ್ಲ. ತೊಟ್ಟಿಲಲ್ಲಿದ್ದಾಗ ಅವಳು ಅತ್ತರೆ ಬೀದಿಗೆಲ್ಲ ಕೇಳುತ್ತಿತ್ತಂತೆ. “ನನ್ನ ಬಸ್ಸಿಗೆ ಹಾರನ್ನೇ ಬೇಡ, ಈ ಪೀಪೀನ ಕೂರಿಸ್ಕೊಂಡ್ರೆ ಸಾಕು,” ಅಂತ ಅಮ್ಮ ಅಂದಳಂತೆ. ಆ ಹೆಸರೇ ಗಟ್ಟಿಯಾಯಿತು. ಆದರೆ ಈಗ ಐದನೇ ಕ್ಲಾಸಿನ ಪೀಪಿ ತುಟಿ ಪಿಟಕ್ ಅನ್ನದೆ ಕೂತಿದ್ದಳು. ಅದಕ್ಕೊಂದು ಕಾರಣವಿತ್ತು.

ಕಳೆದ ಸಲ ಅಮ್ಮ ಕಾರಿನೊಳಗೆ ಬೆರಳಾಡಿಸಿ, “ಅಬ್ಬಬ್ಬಾ, ಏನು ಧೂಳು! ಒಳಗೇ ಹೀಗಿದ್ರೆ ಬಾನೆಟ್ ಒಳಗೆ ಹೇಗಿರಬೇಡ!” ಅಂದಿದ್ದಳು. ಆಮೇಲೆ ಬಟ್ಟೆ ತಗೊಂಡು ಒರೆಸಲು ಶುರುಮಾಡಿದಳು. ಒರೆಸಿದಳು, ಒರೆಸಿದಳು, ಹತ್ತು ನಿಮಿಷ ಒರೆಸಿದಳು! ಮೂವತ್ತರಲ್ಲಿ ಹತ್ತು ಧೂಳಿಗೇ ಹೋಯಿತು. ಪೀಪಿಗೆ ಎಷ್ಟು ಹೊಟ್ಟೆ ಉರಿದಿತ್ತೆಂದರೆ, ಆ ಧೂಳಿನ ಮೇಲೆ ಅವಳಿಗೆ ನಿಜವಾಗಿಯೂ ಸಿಟ್ಟಿತ್ತು.

ಅದಕ್ಕೇ ನಿನ್ನೆ ಸಂಜೆ, ಅಪ್ಪ ಇನ್ನೂ ಅಂಗಡಿಯಲ್ಲಿದ್ದಾಗ, ಅವಳು ಕಾರು ತೊಳೆದಳು. ಹೊರಗೆ ತೊಳೆದಳು. ಒಳಗೆ ಒರೆಸಿದಳು. ಅಮ್ಮ ಮಾಡುವುದನ್ನು ನೋಡಿ ಕಲಿತಿದ್ದಳಲ್ಲ, ಬಾನೆಟ್ ಎತ್ತಿ ಕಡ್ಡಿ ಕೊಟ್ಟು ನಿಲ್ಲಿಸಿದಳು. ಪೈಪ್ ಹಿಡಿದು, ಬೆರಳಿಂದ ಬಾಯಿ ಒತ್ತಿ, ಎಂಜಿನ್ನಿಗೆ ತಲೆಯಿಂದ ಕಾಲಿನವರೆಗೆ ಸ್ನಾನ ಮಾಡಿಸಿದಳು.

ಎಂಜಿನ್ನು ಪಳಪಳ ಹೊಳೆಯಿತು. ಈಗ ನೋಡಿದರೆ ಹೀಗೆ.

ಅಪ್ಪನ ಪುಣ್ಯ, ಸ್ವಲ್ಪ ದೂರದಲ್ಲೇ ಒಂದು ಗ್ಯಾರೇಜಿತ್ತು. ಕಾರು ಕುಂಟುತ್ತಾ ಕೆಮ್ಮುತ್ತಾ ಅಲ್ಲಿಯವರೆಗೆ ಬಂದು ನಿಂತಿತು. ಒಳಗೆ ಟೈರುಗಳ ರಾಶಿ, ಗೋಡೆಗೆ ನೇತುಹಾಕಿದ ಸ್ಪ್ಯಾನರುಗಳು, ಎಣ್ಣೆ ಕುಡಿದು ಕಪ್ಪಾದ ನೆಲ. ಬೆಂಚಿನ ಮೇಲೆ ಕೂತಿದ್ದ ಮೆಕ್ಯಾನಿಕ್ ತಾತ ಕೈಯಲ್ಲಿದ್ದ ಟೀ ಪೂರ್ತಿ ಮುಗಿಸಿಯೇ ಎದ್ದರು.

“ಲೈಟು ಹಾಗೇ ಉರೀತಿತ್ತಾ, ಕಣ್ಣು ಮಿಟುಕಿಸ್ತಿತ್ತಾ?”

“ಎರಡಕ್ಕೂ ವ್ಯತ್ಯಾಸ ಏನು?” ಅಂದ ಅಪ್ಪ.

“ಹಾಗೇ ಉರಿದ್ರೆ, ಬೇಗ ತೋರಿಸ್ಕೊಳ್ರಪ್ಪಾ ಅಂತ. ಮಿಟುಕಿಸಿದ್ರೆ, ಇನ್ನು ಓಡಿಸಬೇಡ್ರಪ್ಪಾ ಅಂತ.”

“ಮಿಟುಕಿಸ್ತಿತ್ತು,” ಅಂದಳು ಪೀಪಿ ಸಣ್ಣ ದನಿಯಲ್ಲಿ.

ತಾತ ಕಾರಿನ ಹಿಂದೆ ಹೋಗಿ ಹೊಗೆ ಬರುವ ಪೈಪಿನ ಮುಂದೆ ಅಂಗೈ ಹಿಡಿದು ಕಣ್ಣು ಮುಚ್ಚಿದರು. ಆಮೇಲೆ ಸ್ಟೀರಿಂಗಿನ ಕೆಳಗೆ ಒಂದು ಪುಟ್ಟ ಮೆಷಿನ್ ಚುಚ್ಚಿ, ಅದರ ಪರದೆ ಓದಿದರು.

“ನಾಲ್ಕು ಸಿಲಿಂಡರಲ್ಲಿ ಎರಡು ಸರಿಯಾಗಿ ಕೆಲಸ ಮಾಡ್ತಿಲ್ಲ.”

“ಯಾಕೆ?” ಅಂದ ಅಪ್ಪ.

“ಈ ಮೆಷಿನ್ನು ಎಲ್ಲಿ ನೋವು ಅಂತ ಹೇಳುತ್ತೆ. ಯಾಕೆ ನೋವು ಅಂತ ಹೇಳೋದಿಲ್ಲ. ಅದನ್ನ ನೀವು ಹೇಳಬೇಕು. ಎರಡು ದಿನದಿಂದ ಗಾಡಿಗೆ ಏನೇನು ಮಾಡಿದ್ರಿ?”

“ಏನೂ ಮಾಡಿಲ್ಲ. ಬೆಳಗ್ಗೆ ಪೆಟ್ರೋಲ್ ಹಾಕಿಸಿದೆ, ಅಷ್ಟೇ.”

ತಾತ ಬಾನೆಟ್ ಎತ್ತಿದರು. ಪೀಪಿ ಅಪ್ಪನ ಹಿಂದೆ ಸರಿದಳು.

“ಓಹೋ!” ಅಂದರು ತಾತ. “ಎಂಜಿನ್ನು ಇಷ್ಟು ಕ್ಲೀನಾಗಿ ಇಟ್ಟಿರೋರನ್ನ ನಾನು ನೋಡೇ ಇಲ್ಲ. ನೀವೇ ಒರೆಸ್ತೀರಾ?”

ಅಪ್ಪ ಹುಟ್ಟಿದಾಗಿನಿಂದ ಒಂದು ಸಲವೂ ಬಾನೆಟ್ ಎತ್ತಿದವನಲ್ಲ. ಆದರೆ ಹೊಗಳಿಕೆ ಯಾರಿಗೆ ಕಹಿ? ಅಪ್ಪ ಕನ್ನಡಕ ಸರಿಮಾಡಿಕೊಂಡು, “ಹೂಂ, ವಾರಕ್ಕೊಂದ್ಸಲ ಒಣ ಬಟ್ಟೆ ತಗೊಂಡು... ನಾನು ಸ್ವಲ್ಪ ನೀಟು,” ಅಂದುಬಿಟ್ಟ.

ಪೀಪಿ ಅಪ್ಪನನ್ನು ಬಾಯಿಬಿಟ್ಟುಕೊಂಡು ನೋಡಿದಳು.

“ಹಾಗಾದ್ರೆ ಇಲ್ಲೇನೂ ತೊಂದರೆ ಇರಲಿಕ್ಕಿಲ್ಲ,” ಅಂದರು ತಾತ. “ಬೆಳಗ್ಗೆ ಹಾಕಿಸಿದ ಪೆಟ್ರೋಲಲ್ಲೇ ನೀರು ಸೇರಿರಬೇಕು. ಟ್ಯಾಂಕ್ ಖಾಲಿ ಮಾಡಿ ನೋಡಬೇಕು.”

“ಎಷ್ಟು ಹೊತ್ತಾಗುತ್ತೆ?”

“ಎರಡು ಗಂಟೆ.”

ಎರಡು ಗಂಟೆ! ಗೋಡೆಯ ಗಡಿಯಾರದಲ್ಲಿ ಆಗಲೇ ಎರಡೂ ಮುಕ್ಕಾಲು. ಪೀಪಿ ಅಪ್ಪನ ಜೇಬಿನಿಂದ ಫೋನ್ ಎಳೆದುಕೊಂಡು ಅಮ್ಮನ ನಂಬರ್ ಒತ್ತಿದಳು. ಬಸ್ಸು ಓಡಿಸುವಾಗ ಅಮ್ಮನ ಫೋನು ಕಂಡಕ್ಟರ್ ಆಂಟಿಯ ಹತ್ತಿರ ಇರುತ್ತದೆ.

“ಆಂಟಿ, ನಮ್ಮ ಕಾರ್ ಕೆಟ್ಟೋಗಿದೆ. ಬಸ್ಸನ್ನ ಐದೂವರೆವರೆಗೆ ನಿಲ್ಸೋಕೆ ಅಮ್ಮನಿಗೆ ಹೇಳಿ ಆಂಟಿ, ಪ್ಲೀಸ್!”

“ಅಯ್ಯೋ ನನ್ನ ಬಂಗಾರ, ಐದೂವರೆನಾ? ಐದು ನಿಮಿಷ ಲೇಟಾದ್ರೂ ಜನ ನನ್ನ ತಲೆ ತಿಂದ್ಬಿಡ್ತಾರೆ,” ಅಂದರು ಆಂಟಿ. ಹಿಂದೆ ಬಸ್ಸಿನ ಸದ್ದು ಗುಂಯ್ಯೆನ್ನುತ್ತಿತ್ತು. ಆ ಸದ್ದಿನಲ್ಲಿ ಅಮ್ಮ ಇದ್ದಳು. ಫೋನು ಇಟ್ಟಮೇಲೂ ಪೀಪಿ ಅದನ್ನು ಕಿವಿಗೆ ಒತ್ತಿಕೊಂಡೇ ನಿಂತಳು.

ಅಮ್ಮನನ್ನು ನೋಡಿ ಆಗಲೇ ಹದಿನಾಲ್ಕು ದಿನ! ಹಲ್ಲು ಬಿದ್ದ ಕತೆ ಇತ್ತು. ಚಿತ್ರದ ಟೀಚರು ಅವಳ ಚಿತ್ರವನ್ನು ಗೋಡೆಗೆ ಅಂಟಿಸಿದ ಕತೆ ಇತ್ತು. ಪಕ್ಕದ ಬೆಂಚಿನವಳ ಜೊತೆ ಟೂ ಬಿಟ್ಟಿದ್ದನ್ನು ಅಮ್ಮನಿಗೆ ಬಿಟ್ಟು ಬೇರೆ ಯಾರಿಗೂ ಹೇಳುವಂತಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಅಮ್ಮನ ಮಡಿಲಲ್ಲಿ ಸುಮ್ಮನೆ ತಲೆ ಇಡಬೇಕಿತ್ತು.

ತಾತ ನೆಲದ ಮೇಲೆ ಬಕೆಟ್ ಇಟ್ಟರು. ಒಂದು ರಬ್ಬರ್ ಪೈಪ್ ಹುಡುಕಿ ತಂದರು. ಹೇಳಿದರೆ ಬೈಗುಳ ಖಂಡಿತ. ಹೇಳದಿದ್ದರೆ ಅಮ್ಮ ಸಿಗುವುದಿಲ್ಲ, ಅದೂ ಖಂಡಿತ. ತಾತ ಮಂಡಿಯೂರಿ ಕಾರಿನ ಕೆಳಗೆ ಬಗ್ಗಿದರು.

“ತಾತಾ! ಪೆಟ್ರೋಲಲ್ಲಿ ಅಲ್ಲ!”

ಪೀಪಿಯ ಕೂಗಿಗೆ ತಾತ ಬೆಚ್ಚಿ, ತಲೆಯನ್ನು ಕಾರಿಗೆ ಢಣ್ ಅಂತ ಹೊಡೆಸಿಕೊಂಡರು.

“ನೀರು ಪೆಟ್ರೋಲಲ್ಲಿ ಅಲ್ಲ ತಾತಾ. ನಾನು... ನಾನು ಎಂಜಿನ್ ತೊಳೆದೆ. ನಿನ್ನೆ. ಪೈಪ್ ಹಿಡಿದು.”

“ಎಷ್ಟು ಹೊತ್ತು?”

“ತುಂಬಾ ಹೊತ್ತು.”

ಅಪ್ಪ ಅವಳನ್ನು ನೋಡಿದ. “ಪೀಪಿ! ಇಷ್ಟು ಹೊತ್ತು ಯಾಕೆ ಬಾಯಿ ಬಿಡ್ಲಿಲ್ಲ?”

ಪೀಪಿಗೆ ಅಳು ಉಕ್ಕಿ ಬಂತು. “ಅಮ್ಮ ಕಾರಲ್ಲಿ ಕೂತು ಧೂಳು ಒರೆಸಬಾರ್ದು ಅಂತ ತೊಳೆದೆ. ಒರೆಸೋದ್ರಲ್ಲೇ ಟೈಮೆಲ್ಲ ಹೋಗುತ್ತೆ. ನನ್ನ ಜೊತೆ ಮಾತಾಡೋಕೆ ಇರೋದೇ ಇಲ್ಲ.”

ಅಪ್ಪ ಅವಳ ಕೆನ್ನೆ ಒರೆಸಿದ. ತಾತ ತಲೆ ಉಜ್ಜಿಕೊಳ್ಳುತ್ತಾ ಅಪ್ಪನ ಕಡೆ ತಿರುಗಿದರು.

“ಮತ್ತೆ ನೀವು, ವಾರಕ್ಕೊಂದ್ಸಲ, ಒಣ ಬಟ್ಟೆ?”

ಅಪ್ಪನ ಕಿವಿ ಕೆಂಪಾಯಿತು. “ಅದು... ಸುಮ್ಮನೆ ಬಾಯಿಗೆ ಬಂತು,” ಅಂದ.

“ಮಗಳು ಹೇಳಲಿಲ್ಲ, ಅಪ್ಪ ಇಲ್ಲದ್ದು ಹೇಳಿದ್ರು. ಇಬ್ಬರೂ ಸೇರಿ ಈ ಮುದುಕನನ್ನ ಚೆನ್ನಾಗಿ ಆಟ ಆಡಿಸಿದ್ರಿ,” ಅಂದರು ತಾತ. ಬಯ್ದ ಹಾಗಿರಲಿಲ್ಲ. ಆಗಲೇ ಬಕೆಟನ್ನು ಕಾಲಿಂದ ಪಕ್ಕಕ್ಕೆ ತಳ್ಳಿ, ಸ್ಪ್ಯಾನರ್ ಕೈಗೆತ್ತಿಕೊಂಡಿದ್ದರು.

ಎಂಜಿನ್ನಿನ ಮೇಲಿಂದ ಕರಿಯ ಕೊಳವೆಯಂಥದ್ದನ್ನು ಎಳೆದು ತೆಗೆದು ಪೀಪಿಗೆ ತೋರಿಸಿದರು. “ಇದು ಕಾಯಿಲ್. ಒಳಗಿರೋ ಪ್ಲಗ್ಗಿಗೆ ಕರೆಂಟ್ ಕೊಡೋದು ಇದೇ. ಪ್ಲಗ್ಗಲ್ಲಿ ಕಿಡಿ ಬಂದ್ರೆ ಪೆಟ್ರೋಲ್ ಉರಿಯುತ್ತೆ. ಈಗ ಆ ಗುಳಿಯೊಳಗೆ ಇಣುಕಿ ನೋಡು.”

ಪೀಪಿ ತುದಿಗಾಲಲ್ಲಿ ನಿಂತು ಇಣುಕಿದಳು. ತಾತ ಟಾರ್ಚ್ ಬಿಟ್ಟರು. ಕತ್ತಲ ಗುಳಿಯ ತಳದಲ್ಲಿ ನೀರು ಮಿನುಗಿತು.

“ನೀರಲ್ಲಿ ಮುಳುಗಿಕೊಂಡು ಕಿಡಿ ಹೊತ್ತಿಸು ಅಂದ್ರೆ ಪಾಪ ಅದೇನು ಮಾಡುತ್ತೆ?”

“ಬೆಳಗ್ಗೆ ಚೆನ್ನಾಗೇ ಸ್ಟಾರ್ಟ್ ಆಯ್ತಲ್ಲ ತಾತಾ?”

“ಒಳ್ಳೇ ಪ್ರಶ್ನೆ. ಎಂಜಿನ್ ಬಿಸಿ ಆಗ್ತಾ ಆಗ್ತಾ ನೀರು ಆವಿಯಾಗಿ ಮೇಲಕ್ಕೆದ್ದಿದೆ. ಆವಾಗ ಕರೆಂಟು ದಾರಿ ತಪ್ತು.”

ತಾತ ಗಾಳಿಯ ಪೈಪ್ ತಂದು ಗುಳಿಯೊಳಗೆ ಉಸ್ ಅಂತ ಬಿಟ್ಟರು. ನೀರೆಲ್ಲ ಹಾರಿ ಅಪ್ಪನ ಕನ್ನಡಕಕ್ಕೆ ಬಿತ್ತು. ಆಮೇಲೆ ಒಂದೊಂದೇ ಗುಳಿ, ಒಂದೊಂದೇ ಕಾಯಿಲ್. ಪೀಪಿ ಬಟ್ಟೆ ಹಿಡಿದು ಒರೆಸಿದಳು. ಅಪ್ಪನೂ ಒರೆಸಿದ, ಈ ಸಲ ನಿಜವಾಗಿಯೂ ಒಣ ಬಟ್ಟೆಯಲ್ಲಿ. ನಡುವೆ ಒಂದು ಸಲ ಫೋನ್ ಮಾಡಿ, ಎಲ್ಲ ವಿಷಯ ಕಂಡಕ್ಟರ್ ಆಂಟಿಗೆ ಹೇಳಿದ. “ನಾಲ್ಕರೊಳಗೆ ಬಂದೇ ಬರ್ತೀವಿ,” ಅಂದ.

ತಾತ ಕೀ ತಿರುಗಿಸಿದರು. ಎಂಜಿನ್ನು ಒಂದು ಸಲ ನಡುಗಿತು, ಆಮೇಲೆ ಸಮವಾಗಿ ಗುನುಗತೊಡಗಿತು. ಮೆಷಿನ್ ಚುಚ್ಚಿ ಏನೋ ಒತ್ತಿದರು, ಹಳದಿ ದೀಪ ಆರಿತು.

“ಹೊರಡಿ, ಹೊರಡಿ. ಇನ್ನು ಮೂವರೂ ಕೂತು ಮಾತಾಡ್ಕೊಳ್ಳಿ ಹೋಗಿ,” ಅಂದರು.

ಮೂರೂ ಇಪ್ಪತ್ತು.

ಅಪ್ಪ ಯಾವತ್ತೂ ನಲವತ್ತು ದಾಟಿದವನಲ್ಲ. ಇವತ್ತು ಎರಡು ಲಾರಿಗಳನ್ನು ಹಿಂದೆ ಹಾಕಿದ. ಆದರೂ ಏನು ಮಾಡುವುದು? ಒಂದು ಕಡೆ ರೈಲ್ವೆ ಗೇಟು ಹಾಕಿತ್ತು. ರೈಲು ಬರುವ ಸುಳಿವೇ ಇರಲಿಲ್ಲ. ಪೀಪಿ ಸೀಟಿನ ಅಂಚಿಗೆ ಬಂದು, ತಾನೇ ಕಾರನ್ನು ತಳ್ಳುವವಳಂತೆ ಎರಡೂ ಕೈಯಿಂದ ಮುಂದೆ ಒತ್ತಿ ಕೂತಳು. ಮೂರೂವರೆಯಾಯಿತು. ಅಮ್ಮ ಈಗ ಇಳಿದಿರುತ್ತಾಳೆ. ಮೂರೂ ಮುಕ್ಕಾಲಾಯಿತು. ಅಮ್ಮ ರಸ್ತೆ ನೋಡುತ್ತಾ ನಿಂತಿರುತ್ತಾಳೆ. ನಾಲ್ಕಕ್ಕೆ ಐದು ನಿಮಿಷ. ಅಮ್ಮ ಮತ್ತೆ ಬಸ್ಸು ಹತ್ತುತ್ತಾಳೆ.

ಬಸ್ ಸ್ಟ್ಯಾಂಡಿನ ಗೇಟು ಕಂಡಾಗ ನಾಲ್ಕು ದಾಟಿ ಎರಡು ನಿಮಿಷ. ಅಮ್ಮನ ನೀಲಿ ಬಸ್ಸಿನ ಮೂತಿ ಗೇಟಿನಿಂದ ಹೊರಗೆ ಬಂದಿತ್ತು. ರಸ್ತೆಯಲ್ಲಿ ವಾಹನಗಳು ಬಿಡುವಿಲ್ಲದೆ ಹೋಗುತ್ತಿದ್ದುದರಿಂದ ಅಲ್ಲೇ ಕಾಯುತ್ತಾ ನಿಂತಿತ್ತು.

ಅಪ್ಪ ಕಾರನ್ನು ಬದಿಗೆ ಹಾಕಿದ್ದೇ ತಡ, ಪೀಪಿ ಇಳಿದು ಓಡಿದಳು.

“ಅಮ್ಮಾ!”

ಆ ದನಿ ಬೀದಿಗೆಲ್ಲ ಕೇಳಿತು. ಎತ್ತರದ ಕಿಟಕಿಯಿಂದ ಅಮ್ಮನ ಮುಖ ಹೊರಗೆ ಬಂತು. “ಪೀಪಿ! ಬಂದ್ಯಾ ಕಂದಾ! ಎಂಜಿನ್ನಿಗೆ ಸ್ನಾನ ಮಾಡಿಸಿದ್ಯಂತೆ? ಸೋಪು ಹಾಕಿದ್ಯೋ ಇಲ್ವೋ?”

ನಗುತ್ತಿದ್ದಳು, ಆದರೆ ಕಣ್ಣು ತುಂಬಿತ್ತು. ಅಮ್ಮ ಕೈ ಕೆಳಗೆ ಚಾಚಿದಳು. ಪೀಪಿ ತುದಿಗಾಲಲ್ಲಿ ನಿಂತು ಕೈ ಮೇಲಕ್ಕೆ ಚಾಚಿದಳು. ಎರಡು ಬೆರಳು ಸಿಕ್ಕವು. ಆ ಎರಡನ್ನೇ ಬಿಗಿಯಾಗಿ ಹಿಡಿದುಕೊಂಡಳು. ಹದಿನಾಲ್ಕು ದಿನದ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ.

“ಇಳಿದು ಬಾ ಅಮ್ಮಾ. ಒಂದೇ ನಿಮಿಷ.”

ಅಮ್ಮ ರಸ್ತೆ ನೋಡಿದಳು, ಪೀಪಿಯನ್ನು ನೋಡಿದಳು. ರಸ್ತೆ ಖಾಲಿಯಾಯಿತು. ಬಸ್ಸು ಮಾತ್ರ ಅಲ್ಲಾಡಲಿಲ್ಲ. ಇನ್ನೊಂದು ಸಲ ಕೇಳಿದರೆ ಅಮ್ಮ ಇಳಿದೇ ಬಿಡುತ್ತಾಳೆ ಎಂದು ಪೀಪಿಗೆ ಗೊತ್ತಾಯಿತು. ಅವಳ ಮುಖದಲ್ಲೇ ಅದು ಕಾಣುತ್ತಿತ್ತು.

ಅಮ್ಮನ ಹಿಂದಿನ ಕಿಟಕಿಯಲ್ಲಿ ಒಬ್ಬ ಹೆಂಗಸು ಫೋನಿನಲ್ಲಿ ಮಾತಾಡುತ್ತಿದ್ದಳು. “ಹೊರಟ್ವಿ ಪುಟ್ಟಾ, ಇನ್ನೇನು ಹೊರಟ್ವಿ. ಆರೂವರೆಗೆ ಅಲ್ಲಿರ್ತೀನಿ. ಇಲ್ಲ, ಊಟ ಮಾಡಿಬಿಡು, ಕಾಯಬೇಡ... ಸರಿ, ಸರಿ, ಬಸ್ ಸ್ಟ್ಯಾಂಡ್ ಗೇಟ್ ಹತ್ರನೇ ನಿಂತಿರು.”

ಪೀಪಿ ಆ ಹೆಂಗಸನ್ನು ನೋಡಿದಳು. ಗೇಟಿನ ಹತ್ತಿರ ನಿಲ್ಲುವುದು ಹೇಗಿರುತ್ತದೆ ಎಂದು ಪೀಪಿಗೆ ಗೊತ್ತಿತ್ತು. ದೂರದಲ್ಲಿ ಬರುವ ಪ್ರತಿ ಬಸ್ಸೂ ಅಮ್ಮನದೇ ಅನ್ನಿಸುತ್ತದೆ. ಹತ್ತಿರ ಬಂದಮೇಲೆ ಅಲ್ಲ ಅಂತ ಗೊತ್ತಾಗುತ್ತದೆ.

ಅವಳು ಅಮ್ಮನ ಬೆರಳು ಬಿಟ್ಟಳು. ಮೂಗು ಒರೆಸಿಕೊಂಡಳು. ನೀಲಿ ತಗಡಿನ ಮೇಲೆ ಅಂಗೈಯಿಂದ ಢಬ್ ಢಬ್ ಎಂದು ಎರಡು ಸಲ ಬಡಿದಳು.

“ರೈಟ್! ರೈಟ್!”

ಅಮ್ಮ ಒಂದು ಗಳಿಗೆ ಅವಳನ್ನೇ ನೋಡಿದಳು. ಆಮೇಲೆ ಗೇರ್ ಹಾಕಿದಳು. ಬಸ್ಸು ಹಾರನ್ ಹೊಡೆದು ರಸ್ತೆಗೆ ತಿರುಗಿತು, ಸ್ವಲ್ಪ ಹೊತ್ತಿನಲ್ಲೇ ಲಾರಿಗಳ ಮರೆಗೆ ಹೋಯಿತು.

ಅಪ್ಪ ಏದುಸಿರು ಬಿಡುತ್ತಾ ಬಂದು ಪಕ್ಕದಲ್ಲಿ ನಿಂತ. “ಛೆ, ಇನ್ನೊಂದೈದು ನಿಮಿಷ ನಿಲ್ಸೋಕೆ ಕೇಳ್ಬೇಕಿತ್ತು ಪೀಪಿ.”

“ಬೇಡ ಅಪ್ಪಾ,” ಅಂದಳು ಪೀಪಿ, ರಸ್ತೆಯನ್ನೇ ನೋಡುತ್ತಾ. “ಆರೂವರೆಗೆ ಅಲ್ಲಿರಬೇಕು ಆ ಬಸ್ಸು.”